ಕ್ರೈಸ್ತ ಬೋಧನೆಗೆ ಜನರ ಪ್ರತಿಸ್ಪಂದನ: ಕಿರವತ್ತಿ ಮತ್ತು ಉತ್ತರ ಕನ್ನಡ ಸೀಮೆ

ಯೇಸುಕ್ರಿಸ್ತನ ಜೀವನ ಮತ್ತು ಉಪದೇಶಗಳನ್ನು ಬೇರೆ ಬೇರೆ ನಂಬಿಕೆಯ ಜನ ಕೇಳಿಸಿಕೊಂಡ, ಒಪ್ಪಿದ, ವಾದಿಸಿದ, ನಿರಾಕರಿಸಿದ, ತಮ್ಮದಾಗಿಸಿಕೊಂಡ ಬಗೆಗಳ ಸಮೀಕ್ಷೆ ಇದು. ಯಲ್ಲಾಪುರ ತಾಲ್ಲೂಕಿನ ಕಿರವತ್ತಿ, ಸುತ್ತಲಿನ ಶಿರಸಿ, ಸಿದ್ದಾಪುರ, ಮುಂಡಗೋಡ, ಹಳಿಯಾಳ ತಾಲ್ಲೂಕುಗಳು ಇದರ ಕೇಂದ್ರ. ಈ ಸೀಮೆಯ ಬದುಕು ಕರಾವಳಿಯೊಂದಿಗೂ ಧಾರವಾಡದ ಬಯಲಿನೊಂದಿಗೂ ಹೆಣೆದುಕೊಂಡಿರುವುದರಿಂದ ಆ ಭಾಗಗಳ ಸಂಗತಿಗಳೂ ಇಲ್ಲಿ ಸೇರಿವೆ.

ಕ್ರೈಸ್ತ ಬೋಧನೆಯನ್ನು ಕೇಳಿದ ಜನ ಎಲ್ಲೆಡೆಯೂ ಮೂರು ಪ್ರಶ್ನೆ ಕೇಳಿದ್ದಾರೆ. ಯೇಸು ಯಾರು? ರಕ್ಷಣೆಗೆ ಅವನೊಬ್ಬನೇ ದಾರಿಯೇ? ಆ ದಾರಿ ಹಿಡಿದರೆ ಕುಲ, ಮನೆ, ಹಿರಿಯರ ಗತಿ ಏನು? ಮೊದಲನೆಯದಕ್ಕೆ ಈ ಸೀಮೆಯ ಹೆಚ್ಚಿನ ಮತಗಳು ಗೌರವದಿಂದ ಉತ್ತರಿಸಿವೆ. ಎರಡನೆಯದಕ್ಕೆ ವಾದ ಹೂಡಿವೆ. ಮೂರನೆಯದು ಬಂದಾಗ ಮಾತು ಬಿಸಿಯಾಗಿದೆ. ಈ ಮೂರನ್ನು ಬೇರ್ಪಡಿಸಿ ನೋಡದೆ ಇಲ್ಲಿನ ಜನರ ಪ್ರತಿಸ್ಪಂದನವನ್ನು ತಿಳಿಯಲಾಗದು.

ನೆಲ ಮತ್ತು ಜನ

ಅಂಕೋಲಾ–ಹುಬ್ಬಳ್ಳಿ ಹೆದ್ದಾರಿ ಯಲ್ಲಾಪುರ ದಾಟಿ ಕಲಘಟಗಿಯ ಕಡೆ ಇಳಿಯುವ ಹಾದಿಯಲ್ಲಿ ಕಿರವತ್ತಿ ಇದೆ. ಮಲೆನಾಡಿನ ಕಾಡು ಮುಗಿದು ಬಯಲುಸೀಮೆ ತೊಡಗುವ ಅಂಚು ಅದು. ಘಟ್ಟದ ಮೇಲಿನ ಅಡಿಕೆ ತೋಟಗಳಲ್ಲಿ ಹವ್ಯಕರು, ಕಾಡಂಚಿನಲ್ಲಿ ಸಿದ್ದಿಗಳು, ಗೌಳಿಗಳು, ಮರಾಠಿಗರು, ಪೇಟೆ ಮತ್ತು ಹೆದ್ದಾರಿಯ ಊರುಗಳಲ್ಲಿ ಮುಸ್ಲಿಮರು, ಕೊಂಕಣಿ ಮಾತಾಡುವ ಕೆಥೋಲಿಕರು, ಬಯಲಿನ ಕಡೆಗೆ ಲಿಂಗಾಯತರು ನೆಲೆಸಿದ್ದಾರೆ. ಶಿರಸಿ ಬಳಿಯ ಸೋಂದೆಯಲ್ಲಿ ವಾದಿರಾಜರ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ ಅಕ್ಕಪಕ್ಕದಲ್ಲೇ ಇವೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ಬೌದ್ಧರ ದೊಡ್ಡ ವಸತಿ ಇದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1.87ರಷ್ಟು. ಉತ್ತರ ಕನ್ನಡದಲ್ಲಿ ಈ ಪ್ರಮಾಣ ರಾಜ್ಯದ ಸರಾಸರಿಗಿಂತ ಹೆಚ್ಚು. ಜಿಲ್ಲೆಯ ಕೆಥೋಲಿಕರಿಗಾಗಿ 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ರೂಪುಗೊಂಡಿತು. ಅದಕ್ಕೆ ಮೊದಲು ಈ ಭಾಗ ಬೆಳಗಾವಿ ಧರ್ಮಪ್ರಾಂತ್ಯದಲ್ಲಿತ್ತು.

ಬೋಧನೆ ಬಂದ ದಾರಿಗಳು

ಕ್ರೈಸ್ತ ಬೋಧನೆ ಈ ಸೀಮೆಗೆ ಎರಡು ದಿಕ್ಕಿನಿಂದ ಬಂತು. ಮೊದಲನೆಯದು ಗೋವೆಯಿಂದ. ಹದಿನಾರನೇ ಶತಮಾನದಿಂದ ಗೋವೆಯ ಕೆಥೋಲಿಕರು ದಕ್ಷಿಣಕ್ಕೆ ಸರಿದು ಕರಾವಳಿಯಲ್ಲೂ ಘಟ್ಟದ ಮೇಲೂ ನೆಲೆಸಿದರು. ಅವರ ಬೆನ್ನಿಗೆ ಪಾದ್ರಿಗಳು ಬಂದರು. ಗೋವೆಯವರೇ ಆದ ಜೋಸೆಫ್ ವಾಜ್ 1681ರಿಂದ ಕೆನರಾ ಸೀಮೆಯಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿ, ಮುಂದೆ ಶ್ರೀಲಂಕಾಕ್ಕೆ ಹೋದರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಎರಡನೆಯ ದಾರಿ ಪ್ರಾಟೆಸ್ಟಂಟರದು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಅದಕ್ಕೂ ಮೊದಲೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಗೋವೆಯ ದಾರಿಯಲ್ಲಿ ಬಂದ ಬೋಧನೆ ಕೊಂಕಣಿಯ ಪ್ರಾರ್ಥನೆ, ಹಬ್ಬ, ಮೆರವಣಿಗೆಗಳ ರೂಪದಲ್ಲಿತ್ತು. ಬಯಲಿನ ದಾರಿಯಲ್ಲಿ ಬಂದದ್ದು ಕನ್ನಡದ ಪುಸ್ತಕ, ಶಾಲೆ, ಸಂತೆ ಜಾತ್ರೆಯ ಭಾಷಣಗಳ ರೂಪದಲ್ಲಿತ್ತು. ಹೀಗಾಗಿ ಒಂದನ್ನು ಜನ ಕಣ್ಣಿನಿಂದ ನೋಡಿ ಅಳೆದರು, ಇನ್ನೊಂದನ್ನು ಓದಿ, ಎದುರು ನಿಂತು ಪ್ರಶ್ನಿಸಿ ಅಳೆದರು.

ಸಿದ್ದಿಗಳು: ಒಂದು ಕುಲ, ಮೂರು ಮತ

ಈ ಸಮೀಕ್ಷೆಯಲ್ಲಿ ಅತಿ ಮುಖ್ಯ ನಿದರ್ಶನ ಸಿದ್ದಿ ಸಮುದಾಯದ್ದು. ಆಫ್ರಿಕದ ಪೂರ್ವ ಕರಾವಳಿಯಿಂದ ಗುಲಾಮರಾಗಿ ತರಲಾದವರ ವಂಶಸ್ಥರು ಇವರು. ಬಹಳಷ್ಟು ಮಂದಿಯ ಹಿರಿಯರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಗೋವೆಯಲ್ಲಿ ಗುಲಾಮರಿಗೆ ದೀಕ್ಷಾಸ್ನಾನ ಮಾಡಿಸುವ ಪದ್ಧತಿಯಿತ್ತು. ಎಲ್ಲ ಮನುಷ್ಯರೂ ದೇವರ ಮಕ್ಕಳೆಂಬ ಮಾತನ್ನು ಅವರು ಕೇಳಿದ್ದು ತಮ್ಮನ್ನು ಕೊಂಡ ಒಡೆಯರ ಮನೆಯಲ್ಲಿ. ಒಡೆಯನ ಮನೆಯನ್ನು ಬಿಟ್ಟು ಓಡಿದವರಲ್ಲಿ ಹಲವರು ಆ ನಂಬಿಕೆಯನ್ನು ಬಿಡಲಿಲ್ಲ, ಹಲವರು ಬಿಟ್ಟರು. ಎರಡೂ ಮನುಷ್ಯ ಸಹಜ; ಎರಡಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಇಂದು ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಪಂಗಡಗಳಿವೆ. ಯಲ್ಲಾಪುರ, ಅಂಕೋಲಾ, ಶಿರಸಿ ಕಡೆ ಅಡಿಕೆ ತೋಟಗಳ ಸುತ್ತ ಬದುಕು ಕಟ್ಟಿಕೊಂಡವರು ಹೆಚ್ಚಾಗಿ ಹಿಂದೂಗಳು. ಕ್ರೈಸ್ತ ಸಿದ್ದಿಗಳು ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಹೆಚ್ಚು. ಮುಸ್ಲಿಂ ಸಿದ್ದಿಗಳು ಹಳಿಯಾಳದ ಕಡೆ ಮತ್ತು ಧಾರವಾಡ, ಬೆಳಗಾವಿ ಜಿಲ್ಲೆಗಳ ಅಂಚಿನಲ್ಲಿದ್ದಾರೆ. ಕಿರವತ್ತಿ ಈ ಮೂರೂ ವಲಯಗಳು ಹತ್ತಿರ ಬರುವ ಜಾಗದಲ್ಲಿದೆ.

ಮತ ಬೇರೆಯಾದರೂ ಕುಲದ ನೆನಪು ಹರಿದಿಲ್ಲ. ದಮಾಮಿ ಡೋಲಿನ ಹಾಡು ಕುಣಿತ ಮೂವರಿಗೂ ಸೇರಿದ್ದು. ಹಿಂದೂ ಸಿದ್ದಿಗಳ ಮನೆಗಳಲ್ಲಿ ತೆಂಗಿನಕಾಯಿಯನ್ನು ಹಿರಿಯರ ಕುರುಹಾಗಿ ಇಟ್ಟು ಪೂಜಿಸುತ್ತಾರೆ. ಯಲ್ಲಾಪುರ ತಾಲ್ಲೂಕಿನ ಸಾತುಂಬೈಲಿನ ಸಿದ್ದಿನಾಸ ದೇವರ ಪೂಜೆಗೆ ಬೇರೆ ಮತ ಹಿಡಿದ ಸಿದ್ದಿಗಳೂ ಬರುವುದುಂಟು. ಬೇರೆ ಮತದವರೊಳಗೆ ಮದುವೆ ಸಂಬಂಧಗಳೂ ನಡೆದಿವೆ. ಹಿರಿಯರನ್ನು ಬಿಡಬೇಕೇ ಎಂಬ ಮೂರನೆಯ ಪ್ರಶ್ನೆಗೆ ಈ ಸಮುದಾಯ ಬಾಯಲ್ಲಿ ವಾದಿಸಿ ಉತ್ತರ ಕೊಟ್ಟಿಲ್ಲ, ಬದುಕಿ ತೋರಿಸಿದೆ.

ಸಿದ್ದಿ ಹೆಂಗಸರ ಕೌದಿಯಲ್ಲಿಯೂ ಈ ಉತ್ತರ ಕಾಣುತ್ತದೆ. ಹಳೆ ಸೀರೆ, ಅಂಗಿ, ಲುಂಗಿಗಳ ತುಂಡುಗಳನ್ನು ಹೊರ ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಬೋಳು ಎಂಬ ಭಾವನೆ ಎಲ್ಲ ಮತದ ಸಿದ್ದಿಗಳಲ್ಲಿದೆ. ಕೆಥೋಲಿಕ ಸಿದ್ದಿಗಳ ಕೌದಿಯಲ್ಲಿ ಶಿಲುಬೆಯ ತುಂಡು, ಮುಸ್ಲಿಂ ಸಿದ್ದಿಗಳದರಲ್ಲಿ ಅರ್ಧಚಂದ್ರ ಕಾಣಸಿಗುತ್ತದೆ. ಹೊಲಿಗೆಯ ಸಾಲು ಒಂದೇ, ಮೇಲೆ ಇಟ್ಟ ಗುರುತು ಬೇರೆ.

1984ರಲ್ಲಿ ಮೂರೂ ಮತಗಳ ಸಿದ್ದಿಗಳು ಸೇರಿ ಅಭಿವೃದ್ಧಿ ಸಂಘ ಕಟ್ಟಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಪರಿಶಿಷ್ಟ ಪಂಗಡದ ಸ್ಥಾನ ಮತವನ್ನು ನೋಡಿ ಸಿಗುವುದಲ್ಲ. ಆದ್ದರಿಂದ ಮೂರೂ ಪಂಗಡದ ಸಿದ್ದಿಗಳಿಗೆ ಹಕ್ಕು ಸಮನಾಗಿ ದೊರೆಯಿತು. ಪರಿಶಿಷ್ಟ ಜಾತಿಗಳ ವಿಷಯ ಹಾಗಿಲ್ಲ. 1950ರ ಆದೇಶದಂತೆ ಮೊದಲು ಹಿಂದೂಗಳಿಗೆ, ತಿದ್ದುಪಡಿಗಳ ಬಳಿಕ ಸಿಖ್ಖರಿಗೆ ಮತ್ತು ಬೌದ್ಧರಿಗೆ ಮಾತ್ರ ಆ ಸ್ಥಾನ ಇದೆ. ಕ್ರೈಸ್ತರಾದ ದಲಿತರಿಗೆ ಇಲ್ಲ. ಕ್ರೈಸ್ತ ಬೋಧನೆಗೆ ಒಬ್ಬ ಬಡವ ಏನು ಉತ್ತರ ಕೊಡುತ್ತಾನೆ ಎಂಬುದರ ಹಿಂದೆ ಇಂಥ ಕಾನೂನಿನ ಸಾಲುಗಳೂ ಕೆಲಸ ಮಾಡುತ್ತವೆ.

ಲಿಂಗಾಯತರು ಮತ್ತು ಕಾಲಜ್ಞಾನಿಗಳು

ಧಾರವಾಡ–ಹುಬ್ಬಳ್ಳಿಯ ಬಯಲಿನಲ್ಲಿ ಮಿಷನರಿಗಳು ಎದುರಾದದ್ದು ಜಾತಿಭೇದ ಮತ್ತು ವಿಗ್ರಹಪೂಜೆಗಳನ್ನು ಏಳು ಶತಮಾನಗಳ ಹಿಂದೆಯೇ ಪ್ರಶ್ನಿಸಿದ್ದ ಶರಣ ಪರಂಪರೆಗೆ. ಒಬ್ಬನೇ ದೇವರು, ಕಾಯಕ, ಸಮಾನತೆ ಎಂಬ ಮಾತು ಇಲ್ಲಿನ ಕಿವಿಗೆ ಹೊಸದಾಗಿರಲಿಲ್ಲ. ಆದ್ದರಿಂದ ಕೇಳುವ ಕುತೂಹಲ ಇತ್ತು. ಬಿಟ್ಟು ಬರಲು ಕಾರಣ ಕಾಣಲಿಲ್ಲ.

ಇದಕ್ಕೆ ವಿಶೇಷ ಅಪವಾದವಾಗಿ ಕಂಡದ್ದು 1839–41ರ ಸುಮಾರಿನ ಕಾಲಜ್ಞಾನಿಗಳ ಪ್ರಸಂಗ. ಧಾರವಾಡ ಸೀಮೆಯ ಈ ಪಂಥದವರ ಕೈಯಲ್ಲಿ ಭವಿಷ್ಯ ನುಡಿಯುವ ಕಾಲಜ್ಞಾನದ ಗ್ರಂಥಗಳಿದ್ದವು. ಪಶ್ಚಿಮದಿಂದ ಬಂದ ಬೋಧಕರಲ್ಲಿ ಅವರು ತಮ್ಮ ಗ್ರಂಥದ ಮಾತು ನಿಜವಾಗುವುದನ್ನು ಕಂಡರು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮತ್ತು ಸಂಗಡಿಗರು ಇಡೀ ಪಂಥವೇ ಕ್ರೈಸ್ತ ಸಭೆ ಸೇರುವುದೆಂದು ಆಸೆಪಟ್ಟರು. ಅವರಿಗಾಗಿ ಬೆಟಗೇರಿ ಬಳಿ ಮಲಸಮುದ್ರದಲ್ಲಿ ಒಕ್ಕಲು ವಸತಿಯನ್ನೂ ತೆರೆದರು. ಆಸೆ ಕೈಗೂಡಲಿಲ್ಲ. ಕಾಲಜ್ಞಾನಿಗಳು ಕ್ರಿಸ್ತನನ್ನು ತಮ್ಮ ಭವಿಷ್ಯವಾಣಿಯೊಳಗೆ ಕೂರಿಸಿ ನೋಡಿದ್ದರು. ಮಿಷನರಿಗಳು ಅವರನ್ನು ಆ ವಾಣಿಯಿಂದ ಹೊರಗೆ ಕರೆಯುತ್ತಿದ್ದರು. ಒಂದೇ ಮಾತನ್ನು ಎರಡು ಕಡೆಯವರೂ ತಮ್ಮ ತಮ್ಮ ಗ್ರಂಥದಿಂದ ಓದಿದ ಈ ಘಟನೆ ಮತಗಳ ಭೇಟಿಯನ್ನು ಅಭ್ಯಾಸ ಮಾಡುವವರಿಗೆ ಇಂದಿಗೂ ದೊಡ್ಡ ಪಾಠ.

ಮಿಷನರಿಗಳ ಪ್ರಶ್ನೆಗೆ ಲಿಂಗಾಯತರು ಕೊಟ್ಟ ಬಾಳಿಕೆಯ ಉತ್ತರ ಸಂಸ್ಥೆಗಳ ರೂಪದಲ್ಲಿ ಬಂತು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಬಂತು. ಫ.ಗು. ಹಳಕಟ್ಟಿಯವರು ಓಲೆಗರಿಗಳಿಂದ ವಚನಗಳನ್ನು ಎತ್ತಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟಿಸಿದರು. ಶಾಲೆ, ಅಚ್ಚಿನ ಪುಸ್ತಕ, ಜನಭಾಷೆಯ ಧರ್ಮಗ್ರಂಥ ಎಂಬ ಮೂರು ಸಾಧನಗಳನ್ನೂ ಅವರು ತಮ್ಮ ಪರಂಪರೆಯ ಕೆಲಸಕ್ಕೆ ಹೂಡಿದರು.

ವೈದಿಕ ಪರಂಪರೆಗಳು

ಘಟ್ಟದ ಮೇಲಿನ ಹವ್ಯಕರ ಸ್ಮಾರ್ತ ಪರಂಪರೆಗೆ ಅದ್ವೈತ ಆಧಾರ. ಇಷ್ಟದೇವತೆಯ ಕಲ್ಪನೆಯಲ್ಲಿ ಯೇಸುವಿಗೂ ಒಂದು ಜಾಗ ಸುಲಭವಾಗಿ ಸಿಗುತ್ತದೆ. ಆದರೆ ಅವನೊಬ್ಬನೇ ದಾರಿ ಎಂದಾಗ ಅದ್ವೈತಿ ತಲೆಯಾಡಿಸುವುದಿಲ್ಲ. ಇನ್ನೊಬ್ಬನ ಪಾಪವನ್ನು ಮತ್ತೊಬ್ಬ ಹೊರುವುದೆಂಬ ಬೋಧನೆ ಕರ್ಮ ಸಿದ್ಧಾಂತಕ್ಕೆ ಹೊಂದುವುದೂ ಕಷ್ಟ.

ಮಾಧ್ವ ಪರಂಪರೆಯಲ್ಲಿ ಜೀವ ಮತ್ತು ದೇವರ ಭೇದ ನಿತ್ಯ, ಮೋಕ್ಷಕ್ಕೆ ದೇವರ ಪ್ರಸಾದ ಬೇಕೇ ಬೇಕು. ಈ ಹೋಲಿಕೆ ಕಂಡು ಗ್ರಿಯರ್ಸನ್‌ರಂಥ ಯುರೋಪಿನ ವಿದ್ವಾಂಸರು ಮಧ್ವರ ಮೇಲೆ ಕ್ರೈಸ್ತ ಪ್ರಭಾವ ಇದ್ದಿರಬಹುದೆಂದು ಊಹಿಸಿದ್ದರು. ಮಧ್ವರು ಶ್ರುತಿ, ಪುರಾಣಗಳಿಂದಲೇ ತಮ್ಮ ವಾದ ಕಟ್ಟಿದ್ದನ್ನು ತೋರಿಸಿ ನಂತರದ ವಿದ್ವಾಂಸರು ಆ ಊಹೆಯನ್ನು ತಳ್ಳಿಹಾಕಿದ್ದಾರೆ. ಎರಡು ಕಡೆ ಒಂದೇ ಬಗೆಯ ಭಕ್ತಿ ಕಂಡರೆ ಒಂದು ಇನ್ನೊಂದರಿಂದ ಬಂದಿರಲೇಬೇಕು ಎಂದಿಲ್ಲ.

ಮೂರನೆಯ ಪ್ರಶ್ನೆ ಮನೆಗೆ ತಂದ ಬಿರುಗಾಳಿಯ ನಿದರ್ಶನ ಮಂಗಳೂರಿನದು. 1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಕೌಂಡಿನ್ಯರು ಸ್ವಿಟ್ಜರ್ಲೆಂಡಿನ ಬಾಸೆಲ್ಲಿಗೆ ಹೋಗಿ ಕಲಿತು, ಪಾದ್ರಿಯಾಗಿ ಮರಳಿ ಮಿಷನ್ನಿನಲ್ಲಿ ದುಡಿದರು. ಸಾರಸ್ವತ ಸಮಾಜದೊಳಗೆ ಇನ್ನೊಂದು ಬಗೆಯ ಉತ್ತರವೂ ಹುಟ್ಟಿತು. 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ಕಾಲಿಟ್ಟಿತು. ಕುದ್ಮುಲ್ ರಂಗರಾಯರು 1897ರಲ್ಲಿ ದಲಿತ ಮಕ್ಕಳ ಶಿಕ್ಷಣಕ್ಕೆ ಸಂಸ್ಥೆ ಕಟ್ಟಿ, ಬಹಿಷ್ಕಾರಕ್ಕೆ ಬಗ್ಗದೆ ನಡೆದರು. ಗುಲ್ವಾಡಿ ವೆಂಕಟರಾಯರು 1899ರ ‘ಇಂದಿರಾಬಾಯಿ’ ಕಾದಂಬರಿಯಲ್ಲಿ ವಿಧವೆಯ ಮರುಮದುವೆಯನ್ನು ಎತ್ತಿಹಿಡಿದರು. ಅದನ್ನು ಅಚ್ಚು ಹಾಕಿದ್ದು ಬಾಸೆಲ್ ಮಿಷನ್ ಮುದ್ರಣಾಲಯ. ಹೊರಗಿನವರ ಟೀಕೆಯಲ್ಲಿ ಸತ್ಯವಿದ್ದರೆ ಅದನ್ನು ಒಪ್ಪಿ ನಮ್ಮ ಮನೆ ನಾವೇ ಗುಡಿಸೋಣ ಎಂಬ ಈ ದಾರಿ ಮತಾಂತರಕ್ಕಿಂತ ಹೆಚ್ಚು ಜನರನ್ನು ಬದಲಿಸಿತು.

ಗಾಂಧೀಜಿ ಈ ದಾರಿಯ ದೊಡ್ಡ ಪ್ರತಿನಿಧಿ. ಯೇಸುವಿನ ಪರ್ವತ ಪ್ರಸಂಗ ಅವರ ಮನಸ್ಸನ್ನು ಆಳವಾಗಿ ತಟ್ಟಿತ್ತು; ಸೇವೆಯ ನೆಪದಲ್ಲಿ ಮತಾಂತರ ಮಾಡುವುದನ್ನು ಅವರು ಅಷ್ಟೇ ನೇರವಾಗಿ ವಿರೋಧಿಸಿದರು. 1934ರಲ್ಲಿ ಹರಿಜನ ಯಾತ್ರೆಯಲ್ಲಿ ಅವರು ಶಿರಸಿಗೂ ಬಂದಿದ್ದರು. ಆಗಷ್ಟೇ ಸಿದ್ದಾಪುರ, ಅಂಕೋಲೆಗಳಲ್ಲಿ ಕರನಿರಾಕರಣೆಗಿಳಿದು ಹೊಲ ಮನೆ ಕಳೆದುಕೊಂಡಿದ್ದ ರೈತರಿಗೆ ಪರ್ವತ ಪ್ರಸಂಗದ ಅಹಿಂಸೆ ಪುಸ್ತಕದ ಮಾತಾಗಿ ಉಳಿದಿರಲಿಲ್ಲ.

ಮುಸ್ಲಿಮರು, ಜೈನರು, ಬೌದ್ಧರು

ಮುಸ್ಲಿಮರಿಗೆ ಯೇಸು ಪರಕೀಯನಲ್ಲ. ಕುರ್‌ಆನಿನಲ್ಲಿ ಅವನು ಈಸಾ, ಪ್ರವಾದಿಗಳಲ್ಲಿ ಒಬ್ಬ. ತಾಯಿ ಮರ್ಯಮಳ ಹೆಸರಿನಲ್ಲಿ ಒಂದು ಅಧ್ಯಾಯವೇ ಇದೆ. ತಂದೆಯಿಲ್ಲದ ಜನನವನ್ನೂ ಅವನ ಪವಾಡಗಳನ್ನೂ ಅವರು ನಂಬುತ್ತಾರೆ. ಅವನು ದೇವರ ಮಗ, ಶಿಲುಬೆಯ ಮೇಲೆ ಸತ್ತ ಎಂಬ ಎರಡು ಮಾತನ್ನು ಒಪ್ಪುವುದಿಲ್ಲ. ಹೀಗಾಗಿ ಮುಸ್ಲಿಂ–ಕ್ರೈಸ್ತರ ನಡುವಿನ ವಾದ ಪರಿಚಯವಿಲ್ಲದವರ ವಾದವಲ್ಲ. ಒಂದೇ ಮನೆತನದ ಕತೆಯನ್ನು ಬೇರೆ ಬೇರೆಯಾಗಿ ನೆನೆಯುವವರ ವಾದ.

ಜೈನರಿಗೆ ಭಿನ್ನಾಭಿಪ್ರಾಯ ಬುಡದಲ್ಲೇ ಇದೆ. ಲೋಕವನ್ನು ಸೃಷ್ಟಿಸಿದ ದೇವರನ್ನು ಜೈನ ದರ್ಶನ ಒಪ್ಪುವುದಿಲ್ಲ. ಕರ್ಮವನ್ನು ಕಳೆದುಕೊಳ್ಳಬೇಕಾದವನು ಜೀವನೇ. ಆದರೆ ಕ್ಷಮೆ, ಅಪರಿಗ್ರಹ, ಶತ್ರುವಿನ ಮೇಲೂ ಕರುಣೆ ಎಂಬಲ್ಲಿ ಎರಡೂ ಬಹಳ ಹತ್ತಿರ ಬರುತ್ತವೆ. ಅನೇಕಾಂತವಾದ ಎದುರಾಳಿಯ ಮಾತಿನಲ್ಲೂ ಒಂದು ಮುಖದ ಸತ್ಯ ಇರಬಹುದೆಂದು ಕೇಳಿಸಿಕೊಳ್ಳುವ ಶಿಸ್ತನ್ನು ಕೊಟ್ಟಿದೆ.

ಮುಂಡಗೋಡದ ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳಲ್ಲಿ ಹಲವು ಬಾರಿ ಉಪದೇಶ ನೀಡಿರುವ ದಲೈ ಲಾಮಾ 1994ರಲ್ಲಿ ಲಂಡನ್ನಿನಲ್ಲಿ ಕ್ರೈಸ್ತ ಸಾಧಕರ ನಡುವೆ ಕುಳಿತು ಸುವಾರ್ತೆಯ ಭಾಗಗಳಿಗೆ ಬೌದ್ಧ ದೃಷ್ಟಿಯಿಂದ ವ್ಯಾಖ್ಯಾನ ಕೊಟ್ಟರು. ಸೃಷ್ಟಿಕರ್ತನ ವಿಷಯದಲ್ಲಿ ತಮ್ಮ ದಾರಿ ಬೇರೆ ಎಂಬುದನ್ನು ಮುಚ್ಚಿಡದೆ, ಕರುಣೆಯ ಸಾಧನೆಯಲ್ಲಿ ಪರಸ್ಪರ ಕಲಿಯುವುದು ಬಹಳ ಇದೆ ಎಂದು ತೋರಿಸಿದರು. ಭೇದವನ್ನು ಮರೆಸದ ಗೌರವಕ್ಕೆ ಇದು ಒಳ್ಳೆಯ ಮಾದರಿ.

ಕನ್ನಡ ಸಾಹಿತ್ಯದಲ್ಲಿ

ಬೋಧನೆಯ ಗಾಳಿ ಒಂದೇ ದಿಕ್ಕಿಗೆ ಬೀಸಲಿಲ್ಲ. ಕನ್ನಡಿಗರಿಗೆ ಕಲಿಸಲು ಬಂದವರು ಕನ್ನಡದಿಂದ ಕಲಿತರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿದರು. ‘ಬಸವಪುರಾಣ’, ‘ಜೈಮಿನಿ ಭಾರತ’ಗಳನ್ನೂ ಮುದ್ರಣಕ್ಕೆ ತಂದರು. ಫರ್ಡಿನೆಂಡ್ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ದೇಶೀ ಛಂದಸ್ಸಿನಲ್ಲಿ ಹೇಳಿದರು. ಅವರ 1894ರ ನಿಘಂಟನ್ನು ಇಂದಿಗೂ ಎಲ್ಲ ಮತದ ಕನ್ನಡಿಗರೂ ತೆರೆಯುತ್ತಾರೆ.

ಈ ಕೊಡುಕೊಳ್ಳುವಿಕೆಗೆ ಮನುಷ್ಯ ರೂಪ ಬಂದದ್ದು ಉತ್ತಂಗಿ ಚನ್ನಪ್ಪನವರಲ್ಲಿ (1881–1962). ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನಲ್ಲಿ ಪಾದ್ರಿಯಾಗಿ ದುಡಿದ ಅವರು ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶರಣರ ವಚನಗಳನ್ನು ಸಂಪಾದಿಸಿದರು. ‘ಬನಾರಸಕ್ಕೆ ಬೇತ್ಲೆಹೇಮಿನ ವಿನಂತಿ’ ಎಂಬ ಕೃತಿಯಲ್ಲಿ ಹಿಂದೂ ಮತ್ತು ಕ್ರೈಸ್ತ ಧರ್ಮಗಳ ನಡುವೆ ಸ್ನೇಹದ ಮಾತುಕತೆ ತೆರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿ ನಾಡು ಗೌರವಿಸಿತು. ಯೇಸುವಿಗೆ ನಿಷ್ಠರಾಗಿದ್ದುಕೊಂಡೇ ಸರ್ವಜ್ಞನಿಗೂ ಬಸವಣ್ಣನಿಗೂ ಋಣಿಯಾಗಿರಬಹುದು ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಇತ್ತ ಕಾಸರಗೋಡಿನ ಮಂಜೇಶ್ವರದಲ್ಲಿ ಗೋವಿಂದ ಪೈ (1883–1963) ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯವಾಗಿ ಬರೆದರು. ಬುದ್ಧನ ಕೊನೆಯ ದಿನವನ್ನು ಕುರಿತ ‘ವೈಶಾಖಿ’ಯನ್ನೂ ಅವರೇ ರಚಿಸಿದರು. ಮತ ಬದಲಿಸದೆ, ವಾದ ಹೂಡದೆ, ಆ ನೋವಿನ ಮುಂದೆ ಕವಿಯಾಗಿ ನಿಲ್ಲುವುದು ಅವರು ಆರಿಸಿಕೊಂಡ ಉತ್ತರ. ಕರಾವಳಿಯ ಯಕ್ಷಗಾನದಲ್ಲೂ ಯೇಸುವಿನ ಕಥೆ ಪ್ರಸಂಗವಾಗಿ ರಂಗಕ್ಕೇರಿದೆ.

ಹರಕೆ ಮತ್ತು ಹಬ್ಬ

ಸಾಮಾನ್ಯ ಜನರ ಪ್ರತಿಸ್ಪಂದನವನ್ನು ಗ್ರಂಥಗಳಿಗಿಂತ ಹರಕೆಗಳಲ್ಲಿ ಚೆನ್ನಾಗಿ ಕಾಣಬಹುದು. ಕುಮಟಾ–ಹೊನ್ನಾವರದ ನಡುವಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಜೇವಿಯರರ ಹಬ್ಬ ಡಿಸೆಂಬರ್ 3ರಂದು ನಡೆಯುತ್ತದೆ. ಮೇಣದಬತ್ತಿ ಹಚ್ಚಲು, ಹರಕೆ ತೀರಿಸಲು ಬರುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇರುತ್ತಾರೆ. ಕಾಯಿಲೆ, ಸಂತಾನ, ಮದುವೆ, ಕಳೆದುಹೋದ ದನ: ಮನುಷ್ಯನ ಅಳಲಿಗೆ ಮತದ ಗಡಿ ಗೊತ್ತಿಲ್ಲ. ಹೀಗೆ ಬಂದವರು ಯಾವ ಸಿದ್ಧಾಂತವನ್ನೂ ಒಪ್ಪಿ ಬಂದವರಲ್ಲ, ತಮ್ಮ ದೇವರನ್ನು ಬಿಟ್ಟು ಬಂದವರೂ ಅಲ್ಲ.

ಕ್ರೈಸ್ತರೂ ನೆಲದ ರೂಢಿಯನ್ನು ಒಳಗೆ ಬರಮಾಡಿಕೊಂಡಿದ್ದಾರೆ. ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬದಲ್ಲಿ ಕರಾವಳಿಯ ಕೆಥೋಲಿಕರು ಹೊಸ ತೆನೆಯನ್ನು ಚರ್ಚಿನಲ್ಲಿ ಮಂತ್ರಿಸಿ ಮನೆಗೆ ತರುತ್ತಾರೆ. ಹೊಸ ಅಕ್ಕಿ ಊಟದ ಹಿಂದೂ ಆಚರಣೆಯೊಂದಿಗೆ ಅದರ ನಂಟು ಕಣ್ಣಿಗೆ ಕಾಣುವಂಥದ್ದು.

ಮತಾಂತರದ ಪ್ರಶ್ನೆ

ಬೋಧನೆಗೆ ಬಂದ ಕಟುವಾದ ಪ್ರತಿಕ್ರಿಯೆಗಳೆಲ್ಲ ಬಹುಪಾಲು ಮತಾಂತರಕ್ಕೆ ಸಂಬಂಧಿಸಿದವು. ಹೆಚ್ಚು ಜನ ಮತಾಂತರವಾಗಲಿಲ್ಲ ಎಂದು ಒಪ್ಪಿಕೊಂಡವರಲ್ಲಿ ಪಾದ್ರಿಗಳೇ ಮೊದಲಿಗರು. 1792ರಲ್ಲಿ ಭಾರತಕ್ಕೆ ಬಂದು ಮೈಸೂರು ಸೀಮೆಯಲ್ಲಿ ದೀರ್ಘಕಾಲ ದುಡಿದ ಆಬೆ ದ್ಯುಬುವಾ 1823ರಲ್ಲಿ ಫ್ರಾನ್ಸಿಗೆ ಮರಳಿದರು. ಹಿಂದೂಗಳನ್ನು ಮತಾಂತರಿಸುವ ಪ್ರಯತ್ನ ಫಲ ಕೊಡದು ಎಂದು ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಬರೆದರು. ಇತರ ಮಿಷನರಿಗಳು ಅದನ್ನು ತೀವ್ರವಾಗಿ ಖಂಡಿಸಿದರು.

ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಟ್ಟಿದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಯಂತ್ರಣ ಕಾಯ್ದೆ ಜಾರಿಗೆ ಬಂತು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆಮಿಷದಿಂದ ನಂಬಿಕೆ ಕೊಳ್ಳುವುದು ಅನ್ಯಾಯ. ತನ್ನ ಮನಸ್ಸಿನಿಂದ ನಂಬಿಕೆ ಬದಲಿಸಿದವನನ್ನು ಹೆದರಿಸುವುದೂ ಅಷ್ಟೇ ಅನ್ಯಾಯ. ಕಾಡಂಚಿನ ಬಡವನಿಗೆ ಬುದ್ಧಿಯೇ ಇಲ್ಲ, ಯಾರೋ ಅವನನ್ನು ಎಳೆದುಕೊಂಡು ಹೋಗುತ್ತಾರೆ ಎಂಬ ಭಾವನೆ ಎರಡೂ ಕಡೆಯವರಲ್ಲಿ ಇದೆ. ಸಿದ್ದಿಗಳ ಇತಿಹಾಸ ಅದನ್ನು ಸುಳ್ಳು ಮಾಡುತ್ತದೆ.

ಬೋಧಿಸುವವರಲ್ಲಿ ಬದಲಾವಣೆ

ಪ್ರತಿಸ್ಪಂದನ ಕೇಳುವವನನ್ನಷ್ಟೇ ಅಲ್ಲದೆ ಹೇಳುವವನನ್ನೂ ಬದಲಿಸಿತು. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಘೋಷಣೆ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಸಭೆ ತಳ್ಳಿಹಾಕುವುದಿಲ್ಲ ಎಂದಿತು. ಲ್ಯಾಟಿನ್ನಿನಲ್ಲಿದ್ದ ಪೂಜೆ ಕನ್ನಡಕ್ಕೂ ಕೊಂಕಣಿಗೂ ಬಂತು. ಮುಂಡಗೋಡದಲ್ಲಿ ಯೇಸುಸಭೆಯವರ ಲೊಯೋಲಾ ವಿಕಾಸ ಕೇಂದ್ರದಂಥ ಸಂಸ್ಥೆಗಳು ಸಿದ್ದಿ, ಗೌಳಿ, ಲಂಬಾಣಿ ಜನರ ಶಿಕ್ಷಣ ಮತ್ತು ಹಕ್ಕುಗಳ ಕೆಲಸಕ್ಕೆ ಇಳಿದವು.

ಒಟ್ಟು ನೋಟ

ಈ ಸೀಮೆಯ ಅನುಭವವನ್ನು ಒಪ್ಪಿದವರು, ಒಪ್ಪದವರು ಎಂದು ಎರಡೇ ಭಾಗ ಮಾಡಿ ಬರೆದರೆ ತಪ್ಪಾಗುತ್ತದೆ. ಕಾಲಜ್ಞಾನಿ ತನ್ನ ಗ್ರಂಥದಲ್ಲಿ ಕ್ರಿಸ್ತನನ್ನು ಹುಡುಕಿದ. ಲಿಂಗಾಯತರು ಶಾಲೆ ಕಟ್ಟಿದರು. ರಂಗರಾಯರು ಜಾತಿಯ ಪ್ರಶ್ನೆಗೆ ತಾವೇ ಉತ್ತರವಾದರು. ಉತ್ತಂಗಿ ತ್ರಿಪದಿ ಕೂಡಿಸಿದರು. ಮುಸ್ಲಿಮರು ಈಸಾನನ್ನು ತಮ್ಮ ಪ್ರವಾದಿಯೆಂದು ನೆನೆದರು. ಸಿದ್ದಿಗಳು ಮತ ಮೂರಾದರೂ ಡೋಲು ಒಂದೇ ಇಟ್ಟುಕೊಂಡರು. ಒಬ್ಬನೇ ದಾರಿ ಎಂಬ ಮಾತಿಗೆ ಈ ನೆಲದ ಹೆಚ್ಚಿನವರು ಒಪ್ಪಿಗೆ ಕೊಟ್ಟಿಲ್ಲ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತನ್ನು ಯಾರೂ ಅಲ್ಲಗಳೆದಿಲ್ಲ. ಮುಂಡಗೋಡ, ಹಳಿಯಾಳದ ಕಡೆ ಮಳೆಗಾಲಕ್ಕೆ ಮೊದಲು ಸಿದ್ದಿ ಮನೆಯ ಅಂಗಳದಲ್ಲಿ ಒಣಗುವ ಕೌದಿಗಳನ್ನು ನೋಡಿದರೆ ಕೆಲವದರ ಮೇಲೆ ಶಿಲುಬೆ ಇರುತ್ತದೆ, ಕೆಲವದರ ಮೇಲೆ ಇರುವುದಿಲ್ಲ. ನಾಲ್ಕು ಮೂಲೆಯ ಹೂವು ಮಾತ್ರ ಎಲ್ಲದರಲ್ಲೂ ಇರುತ್ತದೆ.